ಸಣ್ಣ ಹಾಲಿಗೆ ಕಡು ಬಣ್ಣದ ಪರದೆ

ಸಣ್ಣ ಹಾಲಿಗೆ ಕಡು ಬಣ್ಣ ಬೇಡ ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ರಾಡನ್ನು ಸೀಲಿಂಗ್ ಹತ್ತಿರ ಹಾಕಿ, ಕಿಟಕಿಯ ಎರಡೂ ಬದಿಗೆ 6–8 ಇಂಚು ಜಾಸ್ತಿ ಬಿಡಿ, ಆಗ ಹಗಲು ಪರದೆ ಗೋಡೆಗೆ ಸರಿದು ನಿಂತು ಬೆಳಕು ಪೂರ್ತಿ ಒಳಗೆ ಬರುತ್ತದೆ. ಬಟ್ಟೆಯ ಅಗಲ ರಾಡಿನ ಎರಡು ಪಟ್ಟು ಇರಲಿ. ಮೆಟಾಲಿಕ್ ಹೊಳಪು ಅಂಚಿಗಷ್ಟೇ ಸಾಕು, ಇಲ್ಲದಿದ್ದರೆ ಟ್ಯೂಬ್‌ಲೈಟ್ ಹಾಕಿದಾಗ ಮದುವೆ ಹಾಲ್ ಥರ ಕಾಣುತ್ತದೆ, ಅಲ್ವಾ?

ವೆಲ್ವೆಟ್ ಅಂತೂ ಬೇಡವೇ ಬೇಡ. ನಮ್ಮ ಕಾಸರಗೋಡಿನ ಜೂನ್ ಮಳೆಗೆ ಅದು ಒಣಗುವುದೇ ಇಲ್ಲ; ಕಳೆದ ಸಲ ನನ್ನ ಕಡು ನೀಲಿ ಪರದೆಯ ಮಡಿಕೆಯಲ್ಲಿ ಬೂಷ್ಟು ಹಿಡಿದು, ಯಾರೋ ಅಕ್ಕಿ ಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಬಿಳಿ ಚುಕ್ಕೆ! ಪಾಲಿಯೆಸ್ಟರ್ ಮಿಶ್ರಣ ಬೇಗ ಒಣಗುತ್ತದೆ. ಪಡುವಣ ಕಿಟಕಿಯಾದರೆ ಹಿಂದೆ ಬಿಳಿ ಲೈನಿಂಗ್ ಹೊಲಿಸಿ, ಬಣ್ಣ ಬೇಗ ಮಾಸುವುದಿಲ್ಲ. ಕಬ್ಬಿಣದ ರಾಡಿಗೆ ಕಡಲ ಗಾಳಿ ತುಕ್ಕು ಹಿಡಿಸುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ.