ಕೊನೆಯ ಅಂಕಿ ಸೊನ್ನೆಯಾಗಿದ್ದು ಹೇಗೆ?

ನಮ್ಮ ವಿಶ್ವವಿದ್ಯಾಲಯದಲ್ಲಿ ಹೊಸ ಆಡಳಿತ ಸಾಫ್ಟ್‌ವೇರ್ ಶುರುವಾದ ಮೂರನೇ ದಿನ. ಶುಲ್ಕ ಕಟ್ಟಲು ಬಂದ ವಿದ್ಯಾರ್ಥಿನಿಯೊಬ್ಬಳ ನೋಂದಣಿ ಸಂಖ್ಯೆ ಹಾಕಿದರೆ ‘ದಾಖಲೆ ಇಲ್ಲ’ ಎಂದು ಬಂತು. ಹೆಸರು ಹಾಕಿದರೆ ಸಿಕ್ಕಿತು. ಕೌಂಟರಿನಲ್ಲಿದ್ದ ಮೇಡಂ ಅವಳ ಗುರುತಿನ ಚೀಟಿಯನ್ನು ಪರದೆಯ ಪಕ್ಕ ಹಿಡಿದು, “ಸರ್, ಇದರಲ್ಲಿ ಕೊನೆಗೆ 7 ಇದೆ, ಅಲ್ಲಿ 0 ಇದೆ ನೋಡಿ” ಎಂದರು. ಇಡೀ ಸಮಸ್ಯೆ ಬಿಡಿಸಿದ್ದು ಆ ಮಾತೇ.

ನಮ್ಮ ನೋಂದಣಿ ಸಂಖ್ಯೆಗೆ 16 ಅಂಕಿ. ಎಕ್ಸೆಲ್ ಸಂಖ್ಯೆಯಲ್ಲಿ ಮೊದಲ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ, ಮುಂದಿನದು ಸೊನ್ನೆ. ಹೊಸದಕ್ಕೆ ಹಾಕಲೆಂದು ಹಳೆಯ ವ್ಯವಸ್ಥೆಯಿಂದ ತೆಗೆದ ಸಿಎಸ್‌ವಿ ಕಡತವನ್ನು (ಮಾಹಿತಿಯನ್ನು ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸರಳ ಪಠ್ಯದ ಕಡತ) ಹೆಸರುಗಳ ಕಾಗುಣಿತ ತಿದ್ದಲು ಯಾರೋ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದರು. ಒಮ್ಮೆ ಹೋದ ಅಂಕಿ, ಆಮೇಲೆ ಕಾಲಂ ಅನ್ನು ‘ಟೆಕ್ಸ್ಟ್’ (ಅಕ್ಷರ ಮಾದರಿ) ಮಾಡಿದರೂ ಮರಳುವುದಿಲ್ಲ. ತಪ್ಪು ಅವರದಲ್ಲ, ಎಚ್ಚರಿಸಬೇಕಿದ್ದವನು ನಾನು.

ಆ ಸಂಜೆ ಹೊಸ ನಮೂದು ನಿಲ್ಲಿಸಿ, ಮೂರು ದಿನದ ರಸೀದಿಗಳನ್ನು ಬೇರೆಯಾಗಿ ತೆಗೆದಿಟ್ಟೆವು. ಹಳೆಯ ಡೇಟಾಬೇಸಿನಿಂದ ಹೊಸದಾಗಿ ಕಡತ ತೆಗೆದು, ಎಕ್ಸೆಲ್ ಮುಟ್ಟಿಸದೆ ನೇರವಾಗಿ ಹಾಕಿದೆವು. ನೋಂದಣಿ ಸಂಖ್ಯೆಯ ಕಾಲಂ ಈಗ ಅಕ್ಷರ ಮಾದರಿಯದು, ಒಂದೇ ಸಂಖ್ಯೆ ಎರಡು ಸಲ ಬಂದರೆ ಒಪ್ಪುವುದಿಲ್ಲ.

ಮೊದಲ ಸಲ ನಾವು ಸಾಲುಗಳ ಲೆಕ್ಕ ಮಾತ್ರ ನೋಡಿದ್ದೆವು. ಅದು ಸರಿಯಾಗಿಯೇ ಇತ್ತು! ಈ ಸಲ ಬೇರೆ ಬೇರೆ ನೋಂದಣಿ ಸಂಖ್ಯೆಗಳು ಎಷ್ಟಿವೆ, ಬಾಕಿ ಶುಲ್ಕದ ಒಟ್ಟು ಮೊತ್ತ ಎಷ್ಟು ಎಂಬುದನ್ನೂ ಎರಡೂ ಕಡೆ ತಾಳೆ ನೋಡಿದೆವು. ಎಕ್ಸೆಲ್ ಬೇಕೇ ಬೇಕು ಎನ್ನುವವರು ಕಡತವನ್ನು ನೇರವಾಗಿ ತೆರೆಯದೆ ‘ಡೇಟಾ’ ಮೆನುವಿನಿಂದ ತಂದು, ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ.

ಮರುದಿನ ಬೆಳಿಗ್ಗೆ ಆ ವಿದ್ಯಾರ್ಥಿನಿಗೆ ನಾನೇ ಫೋನ್ ಮಾಡಿ ಕರೆಸಿ, ರಸೀದಿ ಕೊಟ್ಟೆ.