ಗೊರೂರಿನ ಲೆಕ್ಕ ಕಡಲಿಗೆ ನಡೆಯದು: ಜೆಟ್ಟಿ ಕೆಲಸ ಹಿಡಿಯುವ ಗುತ್ತಿಗೆದಾರರಿಗೆ

ಹಾಸನ, ಸಕಲೇಶಪುರದ ಕಡೆ ನಾಲೆ, ಚೆಕ್‌ಡ್ಯಾಂ, ಸೇತುವೆ ಕಟ್ಟಿ ಪಳಗಿದ ಗುತ್ತಿಗೆದಾರರು ಘಟ್ಟ ಇಳಿದು ಜೆಟ್ಟಿಯ (ದೋಣಿ, ಹಡಗು ಬಂದು ನಿಲ್ಲುವ ಕಡಲ ಕಟ್ಟೆ) ಉಪಗುತ್ತಿಗೆ ಹಿಡಿಯುವುದಾದರೆ, ಊರಿನ ದರಕ್ಕೆ ಒಂದಿಷ್ಟು ಸೇರಿಸಿ ಟೆಂಡರ್ ಹಾಕಿಬಿಡಬಾರದು. ಗೊರೂರಿನ ಹೇಮಾವತಿ ಅಣೆಕಟ್ಟಿಗೆ ಗೇಟುಗಳಿವೆ, ನೀರಿನ ಮಟ್ಟ ಮೊದಲೇ ತಿಳಿಯುತ್ತದೆ. ಕಡಲಿಗೆ ಗೇಟಿಲ್ಲ.

ಮೊದಲು ಕ್ಯಾಲೆಂಡರ್ ತೆಗೆಯಿರಿ. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಮಳೆಗಾಲದಲ್ಲಿ ಬಾರ್ಜ್ (ಯಂತ್ರ, ಸಾಮಾನು ಹೊರುವ ಚಪ್ಪಟೆ ತಳದ ದೋಣಿ) ಸುಮ್ಮನೆ ನಿಂತರೂ ಬಾಡಿಗೆ ಓಡುತ್ತಲೇ ಇರುತ್ತದೆ. ಅದೇ ತಿಂಗಳುಗಳಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದೂ ನಮಗೆ ಹೊಸದಲ್ಲ. ಯಂತ್ರ, ಕಬ್ಬಿಣ ಎಲ್ಲವೂ ಮೇ ತಿಂಗಳೊಳಗೆ ಕೆಳಗಿಳಿಯಬೇಕು.

ಆಮೇಲೆ ಕರಾರುಪತ್ರ. ನಷ್ಟ ಹುಟ್ಟುವುದು ನೀರಿಗಿಂತ ಹೆಚ್ಚಾಗಿ ಇಲ್ಲಿಯೇ. ಮಣ್ಣಿನ ಪರೀಕ್ಷೆಯ ವರದಿ ‘ಕೇವಲ ಮಾಹಿತಿಗಾಗಿ’ ಎಂದಿದ್ದರೆ, ತಳದಲ್ಲಿ ಕೆಸರು ಸಿಕ್ಕರೂ ಬಂಡೆ ಸಿಕ್ಕರೂ ಹೊರೆ ನಿಮ್ಮದೇ. ಅಂಥ ಕಡೆ ಹೆಚ್ಚುವರಿ ಬೋರ್ ಹೊಡೆಸುವ ಖರ್ಚನ್ನು ದರದಲ್ಲೇ ಸೇರಿಸಿ. ಕೆಲಸ ನಿಂತರೆ ಎಷ್ಟು ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು ಎಂಬ ಷರತ್ತಿಗೆ ಗೆರೆ ಎಳೆದಿಡಿ. ಗಡುವು ದಾಟಿದರೆ ನ್ಯಾಯವಾದ ಪರಿಹಾರವೂ ಕೈತಪ್ಪಬಹುದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಹೊರಡಿಸುವ ಅಲೆ ಮುನ್ಸೂಚನೆ, ಆ ದಿನ ನಿಂತ ಯಂತ್ರಗಳ ಪಟ್ಟಿ, ಫೋಟೊ ಇವನ್ನು ದಿನವಹಿಯಲ್ಲಿ ಸೇರಿಸಿ ಎಂಜಿನಿಯರ್ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ‘ಆಮೇಲೆ ನೋಡೋಣ’ ಬಿಲ್ಲಿಗೆ ಬರುವುದಿಲ್ಲ.

ಕಾಂಕ್ರೀಟಿನಲ್ಲಿ ಕೈರೂಢಿಯೇ ಶತ್ರು. ಊರಿನಲ್ಲಿ ಸ್ಲ್ಯಾಬಿಗೆ 20 ಮಿಲಿಮೀಟರ್ ಕವರ್ ಬ್ಲಾಕ್ (ಕಂಬಿಯ ಹೊರಗೆ ಅಷ್ಟು ದಪ್ಪ ಕಾಂಕ್ರೀಟು, ಅಂದರೆ ಕವರ್, ಉಳಿಯುವಂತೆ ಇಡುವ ತುಂಡು) ಇಟ್ಟು ಅಭ್ಯಾಸವಾದ ಕಂಬಿ ಕೆಲಸದವರು, ಚೀಲದಲ್ಲಿ ಉಳಿದಿದ್ದ ಅದೇ ಬ್ಲಾಕನ್ನು ಇಲ್ಲಿಯೂ ಸಿಕ್ಕಿಸಿಬಿಡುತ್ತಾರೆ. ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಉಬ್ಬರ–ಇಳಿತದ ನಡುವಿನ ಭಾಗಕ್ಕೆ ಕನಿಷ್ಠ ಎಂ40 ದರ್ಜೆಯ ಗಟ್ಟಿ ಕಾಂಕ್ರೀಟು, 75 ಮಿಲಿಮೀಟರ್ ಕವರ್ ಬೇಕು. ಕಡಿಮೆಯಾದರೆ ಉಪ್ಪು ಬೇಗ ಒಳಗಿಳಿದು ಕಂಬಿ ತುಕ್ಕು ಹಿಡಿಯುತ್ತದೆ, ಉಬ್ಬುತ್ತದೆ, ಕಾಂಕ್ರೀಟು ಸಿಡಿಯುತ್ತದೆ. ಹಳೆಯ ಬ್ಲಾಕುಗಳನ್ನು ಹಾಸನದಲ್ಲೇ ಬಿಟ್ಟು ಬನ್ನಿ. ಪಕ್ಕದಲ್ಲೇ ಇದೆಯೆಂದು ಕ್ಯೂರಿಂಗಿಗೆ ಕಡಲ ನೀರು ಹೊಯ್ಯಲೂ ಬಾರದು.

ವಿಮೆಯಲ್ಲಿ ಹೊರಗಿಟ್ಟಿರುವ ಪಟ್ಟಿಯನ್ನೇ ಮೊದಲು ಓದಿ. ಅಲೆಯ ಹಾನಿ, ಬಾರ್ಜ್, ಮುಳುಗುಗಾರರು ಅದರಲ್ಲಿದ್ದರೆ ಪ್ರತ್ಯೇಕ ಪಾಲಿಸಿ ಬೇಕು. ಈಜು ಬಾರದ ಬಯಲುಸೀಮೆಯ ಕೂಲಿಗಳಿಗೆ ಲೈಫ್ ಜಾಕೆಟ್ ಕೊಟ್ಟರೆ ಸಾಲದು, ತೊಟ್ಟಿದ್ದಾರೆಯೇ ಎಂದು ಮೇಸ್ತ್ರಿ ನೋಡಬೇಕು.

ಕೊನೆಗೆ ಹಣ. ‘ಇಲಾಖೆಯಿಂದ ಬಂದ ಮೇಲೆ ಕೊಡುತ್ತೇವೆ’ ಎಂಬ ಷರತ್ತನ್ನು ಮುಖ್ಯ ಗುತ್ತಿಗೆದಾರರು ಸೇರಿಸಿದ್ದರೆ, ಅದರ ಪಕ್ಕದಲ್ಲೇ ಗರಿಷ್ಠ ಇಷ್ಟು ದಿನವೆಂದು ಬರೆಸಿಕೊಂಡ ಮೇಲೆ ಸಹಿ ಹಾಕಿ.