ಗಸ್ತಿಗೆ ಆಲ್ ವೀಲ್ ಡ್ರೈವ್ ಕಾರು: ಆರಿಸುವುದು ಹೇಗೆ?

ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಸಿಗುವ ಕಾರು ತೆಗೆದುಕೊಂಡರೆ ಮಳೆ, ಹಿಮ, ಕೆಸರು ಯಾವುದಕ್ಕೂ ಗಸ್ತು ನಿಲ್ಲುವುದಿಲ್ಲ ಎಂದು ಹೇಳುವವರು ಜಾಸ್ತಿ. ಅದು ಅರ್ಧ ನಿಜ. ಜಾರುವ ರಸ್ತೆಯಲ್ಲಿ ಹೊರಡಲು, ಏರು ಹತ್ತಲು, ತಿರುವು ಮುಗಿಸಿ ವೇಗ ಹಿಡಿಯಲು ಆಲ್ ವೀಲ್ ಡ್ರೈವ್ ನೆರವಾಗುತ್ತದೆ. ನಿಲ್ಲಲು ಮಾತ್ರ ನೆರವಾಗುವುದಿಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ, ಅಲ್ವಾ? ಗಸ್ತು ಕಾರು ಆರಿಸುವವರು ಈ ವ್ಯತ್ಯಾಸ ಮರೆತರೆ ದುಡ್ಡು ಒಂದು ಕಡೆ, ಅಪಾಯ ಇನ್ನೊಂದು ಕಡೆ ಉಳಿಯುತ್ತದೆ.

ಹಳೆಯ ದಾಖಲೆಯಿಂದ ಶುರು ಮಾಡಿ

ಶೋರೂಮಿಗೆ ಹೋಗುವ ಮೊದಲು ಹಿಂದಿನ ಎರಡು ಮೂರು ವರ್ಷದ ಲಾಗ್‌ಬುಕ್ ತೆಗೆಯಿರಿ. ಕಾರು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿತ್ತು? ಎಷ್ಟು ಸಲ ಎಳೆದು ತರಬೇಕಾಯಿತು? ಡಾಂಬರಿಲ್ಲದ ರಸ್ತೆಯಲ್ಲಿ ಎಷ್ಟು ಓಡುತ್ತದೆ? ಅಪಘಾತಗಳ ವರದಿಯನ್ನು ಎರಡು ಗುಂಪು ಮಾಡಿ. ಚಕ್ರ ಸುಮ್ನೆ ತಿರುಗಿ, ಹಿಂಭಾಗ ಜಾರಿ ಆದದ್ದು ಒಂದು. ನಿಲ್ಲಿಸಲಾಗದೆ ಹೋಗಿ ಗುದ್ದಿದ್ದು ಇನ್ನೊಂದು. ಮೊದಲನೆಯದಕ್ಕೆ ಆಲ್ ವೀಲ್ ಡ್ರೈವ್ ಒಳ್ಳೆಯ ಉತ್ತರ. ಎರಡನೆಯದಕ್ಕೆ ಉತ್ತರ ಟೈರ್ ಮತ್ತು ಚಾಲಕರ ತರಬೇತಿ.

ಎಲ್ಲ ಕಾರೂ ಆಲ್ ವೀಲ್ ಡ್ರೈವ್ ಆಗಲೇಬೇಕು ಎಂದೇನಿಲ್ಲ. ವರ್ಷವಿಡೀ ಒಣ ರಸ್ತೆಯಲ್ಲೇ ಓಡುವ ಕಾರಿಗೆ ಅದು ಹೆಚ್ಚುವರಿ ತೂಕ, ಹೆಚ್ಚುವರಿ ಇಂಧನ. ಅಮೆರಿಕದ ಪೊಲೀಸರು ದಶಕಗಳ ಕಾಲ ಓಡಿಸಿದ ಫೋರ್ಡ್ ಕ್ರೌನ್ ವಿಕ್ಟೋರಿಯಾದಲ್ಲಿ ಶಕ್ತಿ ಹೋಗುತ್ತಿದ್ದದ್ದು ಹಿಂದಿನ ಚಕ್ರಕ್ಕೆ ಮಾತ್ರ. ಅದರ ತಯಾರಿಕೆ 2011ರಲ್ಲಿ ನಿಂತಿತು. ಅದರ ಜಾಗಕ್ಕೆ ಬಂದ, ಫೋರ್ಡಿನದೇ ಎಸ್‌ಯುವಿ ಎಕ್ಸ್‌ಪ್ಲೋರರ್ ಆಧಾರದ ಗಸ್ತು ಗಾಡಿಯಿಂದಾಗಿ ಆಲ್ ವೀಲ್ ಡ್ರೈವ್ ಅಲ್ಲಿ ಮಾಮೂಲಿಯಾಯಿತು. ಅಲ್ಲಿನ ಇನ್ನೊಂದು ಪೊಲೀಸ್ ಕಾರು ಡಾಜ್ ಚಾರ್ಜರ್ ಕೂಡ ಅದೇ ದಾರಿ ಹಿಡಿಯಿತು. ಹಾಗಂತ ಅವರು ಕೊಂಡರು ಎಂದು ನಾವೂ ಕೊಳ್ಳುವುದು ಲೆಕ್ಕವಲ್ಲ.

ಯಾವ ಬಗೆಯದು ಎಂದು ಕೇಳಿ

ಕಾರಿನ ಹಿಂದೆ ಅಂಟಿಸಿದ ಅಕ್ಷರ ನೋಡಿ ಏನೂ ಗೊತ್ತಾಗುವುದಿಲ್ಲ. ಒಳಗೆ ಮುಖ್ಯವಾಗಿ ಮೂರು ಬಗೆ ಇವೆ.

ಮೊದಲನೆಯದು, ನಡುವೆ ಡಿಫರೆನ್ಷಿಯಲ್, ಅಂದರೆ ಮುಂದಿನ ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಜೋಡಣೆ, ಇರುವ ಕಾರು. ಇದರಲ್ಲಿ ಮುಂದೆ ಹಿಂದೆ ಎರಡೂ ಕಡೆಗೆ ಯಾವಾಗಲೂ ಶಕ್ತಿ ಹೋಗುತ್ತಿರುತ್ತದೆ. ವೇಗದ ತಿರುವಿನಲ್ಲಿ ಇದರ ನಡತೆ ಊಹಿಸಲು ಸುಲಭ. ಎರಡನೆಯ ಬಗೆ ಇವತ್ತು ಹೆಚ್ಚು ಕಾಣುವಂಥದ್ದು. ಸಾಮಾನ್ಯವಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ. ಬೇಕೆನಿಸಿದಾಗ ಕಂಪ್ಯೂಟರ್ ಒಂದು ಕ್ಲಚ್ ಹಿಡಿದು ಹಿಂದಿನ ಚಕ್ರಕ್ಕೂ ಶಕ್ತಿ ಕಳಿಸುತ್ತದೆ. ಇದರಲ್ಲಿ ಇಂಧನ ಉಳಿಯುತ್ತದೆ. ಆದರೆ ಕೆಸರಲ್ಲಿ, ಮರಳಲ್ಲಿ ತುಂಬಾ ಹೊತ್ತು ಒದ್ದಾಡಿಸಿದರೆ ಆ ಕ್ಲಚ್ ಬಿಸಿಯೇರುತ್ತದೆ. ಆಗ ಕಂಪ್ಯೂಟರ್ ತಾನಾಗಿಯೇ ಹಿಂದಿನ ಚಕ್ರವನ್ನು ಬಿಟ್ಟುಬಿಡಬಹುದು. ಅಂಥ ಹೊತ್ತಿನಲ್ಲಿ ಚಾಲಕರಿಗೆ ಎಚ್ಚರಿಕೆ ದೀಪ ಹೇಗೆ ಬರುತ್ತದೆ, ಮತ್ತೆ ಎಷ್ಟು ಹೊತ್ತಿಗೆ ಸರಿಹೋಗುತ್ತದೆ ಎಂದು ತಯಾರಕರನ್ನು ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.

ಮೂರನೆಯದು, ಲಿವರ್ ಅಥವಾ ಗುಂಡಿಯಿಂದ ಹಾಕಿ ತೆಗೆಯುವ ಹಳೆಯ ಫೋರ್ ವೀಲ್ ಡ್ರೈವ್. ಕಾಡು, ಬೆಟ್ಟದ ಗಸ್ತಿಗೆ ಸೈ. ನಡುವೆ ಡಿಫರೆನ್ಷಿಯಲ್ ಇಲ್ಲದಿದ್ದರೆ ಒಣ ಡಾಂಬರಿನ ಮೇಲೆ ಅದನ್ನು ಹಾಕಿಕೊಂಡು ಓಡಿಸಬಾರದು. ತಿರುಗಿಸುವಾಗ ಗೇರಿನ ಭಾಗಗಳು ಬಿಗಿದುಕೊಳ್ಳುತ್ತವೆ. ಬೆನ್ನಟ್ಟುವ ಕೆಲಸಕ್ಕೆ ಇದನ್ನು ಬಿಟ್ಟುಬಿಡಿ.

ಟೈರಿಗೆ ಮೊದಲೇ ದುಡ್ಡು ಎತ್ತಿಡಿ

ನನ್ನ ಪ್ರಕಾರ ಇಡೀ ಖರೀದಿಯಲ್ಲಿ ಇದೇ ದೊಡ್ಡ ವಿಷಯ. ಟೆಂಡರ್ ಕಾಗದದಲ್ಲಿ ಇದಕ್ಕೆ ಸಿಗುವುದು ಒಂದೇ ಸಾಲು.

ಒಂದು ಲೆಕ್ಕ ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ ಕಾರು ಸುಮಾರು 35 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿಯಾದ ಹಿಮದ ಮೇಲೆ ಅದೇ ಕಾರಿಗೆ 120 ಮೀಟರಿಗಿಂತ ಜಾಸ್ತಿ ಬೇಕಾಗಬಹುದು. ಕಾಲು ಬ್ರೇಕಿಗೆ ಹೋಗುವ ಮುಂಚೆ ಓಡಿದ ದೂರ ಇದರಲ್ಲಿ ಸೇರಿಲ್ಲ. ಆಲ್ ವೀಲ್ ಡ್ರೈವ್ ಇದ್ದರೂ ಇಲ್ಲದಿದ್ದರೂ ಈ ದೂರ ಹೆಚ್ಚು ಬದಲಾಗುವುದಿಲ್ಲ. ಇನ್ನೂ ಒಂದು ತೊಂದರೆ ಇದೆ. ಹೊರಡುವಾಗ ಚಕ್ರ ಜಾರದೇ ಇದ್ದರೆ ರಸ್ತೆ ಎಷ್ಟು ಜಾರುತ್ತಿದೆ ಎಂದು ಚಾಲಕರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಬ್ರೇಕ್ ಒತ್ತಿದಾಗ.

ಚಳಿ ಪ್ರದೇಶವಾದರೆ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಇದೆಯೇ ನೋಡಿ. ಬರೀ ‘ಎಂ+ಎಸ್’ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದಿದ್ದರೆ ಸಾಲದು. ತಾಪಮಾನ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಕಡಿಮೆಯಾಗುತ್ತದೆ. ಚಳಿಗಾಲದ ಟೈರ್ ಮೆತ್ತಗೇ ಉಳಿಯುತ್ತದೆ. ಟೈರ್ ತಾಳುವ ಗರಿಷ್ಠ ವೇಗ ಹೇಳುವ ಅಕ್ಷರವನ್ನೂ ಮರೆಯಬೇಡಿ. ‘ಎಚ್’ ಎಂದರೆ ಗಂಟೆಗೆ 210 ಕಿಲೋಮೀಟರ್‌ವರೆಗೆ, ‘ವಿ’ ಎಂದರೆ 240, ‘ಡಬ್ಲ್ಯು’ ಎಂದರೆ 270. ಕಾರು ಓಡುವ ವೇಗವನ್ನು ಟೈರ್ ತಾಳದಿದ್ದರೆ ಎಂಜಿನ್ ಎಷ್ಟು ದೊಡ್ಡದಿದ್ದು ಏನು ಬಂತು?

ಆಮೇಲೆ, ನಾಲ್ಕೂ ಟೈರ್ ಸಮ ಸವೆದಿರಬೇಕು. ಒಂದು ಹೊಸದು, ಮೂರು ಸವೆದದ್ದು ಹಾಕಿದರೆ ಚಕ್ರಗಳ ಸುತ್ತಳತೆ ಬೇರೆಬೇರೆಯಾಗಿ ನಡುವಿನ ಕ್ಲಚ್ಚಿಗೋ ಡಿಫರೆನ್ಷಿಯಲ್ಲಿಗೋ ಸದಾ ಕೆಲಸ ಬೀಳುತ್ತದೆ. ಎಷ್ಟು ವ್ಯತ್ಯಾಸ ತಡೆಯುತ್ತದೆ ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಮೊಳೆ ಚುಚ್ಚಿ ಒಂದು ಟೈರ್ ಹೋದರೂ ಒಮ್ಮೊಮ್ಮೆ ನಾಲ್ಕನ್ನೂ ಬದಲಿಸಬೇಕಾಗುತ್ತದೆ. ಬಜೆಟ್ ಹಾಕುವಾಗ ಇದನ್ನು ಸೇರಿಸಿ.

ತೂಕ ಮತ್ತು ಕರೆಂಟ್

ಗಸ್ತು ಕಾರು ಖಾಲಿ ಓಡುವುದಿಲ್ಲ. ಇಬ್ಬರು ಸಿಬ್ಬಂದಿ, ಅವರ ರಕ್ಷಣಾ ಕವಚ, ಆಯುಧ, ವೈರ್‌ಲೆಸ್ ಸೆಟ್, ಕಂಪ್ಯೂಟರ್, ಛಾವಣಿಯ ದೀಪ, ಹಿಂದಿನ ಸೀಟಿನ ಕಬ್ಬಿಣದ ಜಾಲರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಪೂರ್ತಿ ಅಳತೆಯ ಸ್ಟೆಪ್ನಿ. ಎಲ್ಲವನ್ನೂ ತೂಗಿ. ಕಾರು ಹೊರಬಹುದಾದ ತೂಕದಿಂದ ಕಳೆಯಿರಿ. ಬಂಧಿತನನ್ನು ಕೂರಿಸಿದ ಮೇಲೂ ಜಾಗ ಉಳಿಯಬೇಕು.

ಇನ್ನು ಕರೆಂಟ್. ಗಸ್ತು ಕಾರು ಓಡುವಷ್ಟೇ ನಿಂತೂ ಇರುತ್ತದೆ. ಎಂಜಿನ್ ನಿಧಾನ ತಿರುಗುವಾಗಲೂ ದೀಪ, ಸೆಟ್, ಕಂಪ್ಯೂಟರ್ ಎಲ್ಲಕ್ಕೂ ಸಾಕಾಗುವಷ್ಟು ಕರೆಂಟ್ ಕೊಡುವ ಆಲ್ಟರ್ನೇಟರ್ (ಎಂಜಿನ್‌ನಿಂದ ತಿರುಗುವ ಜನರೇಟರ್) ಬೇಕು. ಫೋರ್ಡ್ 2020ರ ಮಾದರಿಯ ಗಸ್ತು ಗಾಡಿಗೆ ಹೈಬ್ರಿಡ್ (ಎಂಜಿನ್ ಜೊತೆ ಬ್ಯಾಟರಿ, ವಿದ್ಯುತ್ ಮೋಟಾರು ಇರುವ ಬಗೆ) ತಂದಾಗ ಒಂದು ಕಾರಣ ಇದೇ. ನಿಂತಾಗ ಎಂಜಿನ್ ಆರಿ, ಬ್ಯಾಟರಿಯಿಂದ ಉಪಕರಣಗಳು ನಡೆಯುತ್ತವೆ. ಗಂಟೆಗಟ್ಟಲೆ ಒಂದೇ ಕಡೆ ನಿಲ್ಲುವ ಕೆಲಸವಿದ್ದರೆ ಹೈಬ್ರಿಡ್ಡನ್ನು ಗಂಭೀರವಾಗಿ ಯೋಚಿಸಿ.

ಓಡಿಸಿ ನೋಡಿ, ಅದೂ ತುಂಬಿಸಿ

ಅಮೆರಿಕದಲ್ಲಿ ಮಿಷಿಗನ್ ರಾಜ್ಯ ಪೊಲೀಸರು ಪ್ರತಿ ವರ್ಷ ಪೊಲೀಸ್ ಕಾರುಗಳನ್ನು ಪರೀಕ್ಷಿಸುತ್ತಾರೆ. ವೇಗ ಏರುವುದು, ಗರಿಷ್ಠ ವೇಗ, ಬ್ರೇಕ್, ತಿರುವುಗಳ ಟ್ರ್ಯಾಕಿನಲ್ಲಿ ಸುತ್ತುವುದು, ಒಳಗಿನ ಅನುಕೂಲ ಎಲ್ಲವನ್ನೂ ಅಳೆದು ಫಲಿತಾಂಶ ಪ್ರಕಟಿಸುತ್ತಾರೆ. ಅದು ಒಳ್ಳೆಯ ಮಾದರಿ. ನಿಮ್ಮ ಪರೀಕ್ಷೆಯಲ್ಲಿ ಒದ್ದೆ ರಸ್ತೆ, ಜಲ್ಲಿ, ಏರು ಇರಲಿ. ಕಾರಿನಲ್ಲಿ ಪೂರ್ತಿ ತೂಕ ಇರಲಿ. ಬ್ರೇಕನ್ನು ಒಂದು ಸಲ ಒತ್ತಿ ಬಿಡಬೇಡಿ, ಮೇಲಿಂದ ಮೇಲೆ ಒತ್ತಿ. ಬ್ರೇಕ್ ಬಿಸಿಯೇರಿದ ಮೇಲೆ ನಿಲ್ಲುವ ದೂರ ಎಷ್ಟು ಬೆಳೆಯುತ್ತದೆ ಎಂಬುದೇ ಬೆನ್ನಟ್ಟುವಾಗ ಮುಖ್ಯ. ಸೊಂಟದ ಪಟ್ಟಿ ಕಟ್ಟಿದ ಸಿಬ್ಬಂದಿಯೇ ಹತ್ತಿ ಇಳಿದು ನೋಡಲಿ. ಆಯ್ಕೆ ಸಮಿತಿಯವರಿಗೆ ಸೀಟು ಹಿತವಾಗಿ ಕಂಡರೆ ಸಾಲದು.

ಗ್ಯಾರೇಜಿನವರನ್ನು ಕೂರಿಸಿಕೊಳ್ಳಿ

ಸಹಿ ಹಾಕುವ ಮೊದಲು ನಿಮ್ಮ ಮೆಕ್ಯಾನಿಕ್‌ಗಳ ಜೊತೆ ಮಾತಾಡಿ. ಹಿಂದಿನ ಡಿಫರೆನ್ಷಿಯಲ್, ಶಕ್ತಿ ಹಂಚುವ ಪೆಟ್ಟಿಗೆ ಇವುಗಳ ಎಣ್ಣೆ ಎಷ್ಟು ಓಡಿದ ಮೇಲೆ ಬದಲಿಸಬೇಕು? ಪೊಲೀಸ್ ಬಳಕೆಯ ಅವಧಿ ಮಾಮೂಲಿ ಕಾರಿನದಕ್ಕಿಂತ ಚಿಕ್ಕದಿರುತ್ತದೆ. ಬ್ರೇಕ್ ಪರೀಕ್ಷೆಯ ರೋಲರ್ ಮೇಲೆ ಈ ಕಾರನ್ನು ಹೇಗೆ ನಿಲ್ಲಿಸಬೇಕು? ಎಳೆದು ತರಬೇಕಾದರೆ ಎರಡು ಚಕ್ರ ನೆಲಕ್ಕೆ ತಾಗಿಸಿ ಎಳೆಯುವಂತಿಲ್ಲ, ಚಪ್ಪಟೆ ಹಾಸಿನ ಲಾರಿ ಬೇಕು. ಅದನ್ನು ತರುವವರ ಜೊತೆ ಕರಾರು ಇದೆಯೇ?

ಎಲ್ಲಕ್ಕೂ ಉತ್ತರ ಸಿಕ್ಕಿದರೂ ಒಂದೇ ಸಲ ಎಲ್ಲ ಕಾರಿಗೂ ಆರ್ಡರ್ ಕೊಡಬೇಡಿ. ಎರಡೋ ಮೂರೋ ತೆಗೆದುಕೊಂಡು ಒಂದು ಕೆಟ್ಟ ಋತು ಪೂರ್ತಿ ಓಡಿಸಿ. ಇಂಧನ, ಟೈರ್ ಸವೆತ, ರಿಪೇರಿಗೆ ನಿಂತ ದಿನ, ಸಿಕ್ಕಿಬಿದ್ದ ಸಲ ಎಲ್ಲವನ್ನೂ ಹಳೆಯ ಕಾರುಗಳ ಲೆಕ್ಕದ ಪಕ್ಕದಲ್ಲೇ ಬರೆಯುತ್ತಾ ಹೋಗಿ. ಮುಂದಿನ ಆರ್ಡರಿನ ಸಂಖ್ಯೆಯನ್ನು ಆ ಪುಸ್ತಕ ನೋಡಿ ನಿರ್ಧರಿಸಿ.